ಖಣ್ ಎಂದ ಇದ್ದಿಲು

ಗೆಳೆಯರೇ, ಇವತ್ತಿನ ಖರ್ಚು ಇಷ್ಟು: ಹೈದರಾಬಾದಿನಿಂದ ತರಿಸಿದ ಒಂದು ಚೀಲ ಇದ್ದಿಲು, ಮತ್ತು ಇಪ್ಪತ್ತು ವರ್ಷ ಶಹಾಪುರದಲ್ಲಿ ಖಾನಾವಳಿ ನಡೆಸಿದ ನನ್ನ ಜಂಬ.

ಕಾಲುವೆ ಆಫೀಸಿನವರೊಬ್ಬರ ನಿವೃತ್ತಿ ಊಟಕ್ಕೆ, ಮುಚ್ಚಳದ ಹೊಸ ಗ್ರಿಲ್‌ನಲ್ಲಿ ಕುರಿತೊಡೆಯನ್ನು ಐದು ತಾಸು ಹೊಗೆಯಲ್ಲೇ ಬೇಯಿಸಿಕೊಡಲು ಒಪ್ಪಿದ್ದೆ. ಕೆಟ್ಟರೆ ಆ ಆಫೀಸಿನ ಊಟ ಮತ್ತೆ ನನಗೆ ಸಿಗುವುದಿಲ್ಲ. ಬೆಳಿಗ್ಗೆ ಚೀಲ ಬಿಚ್ಚುತ್ತಿದ್ದಂತೆ ಪಕ್ಕದ ಇಸ್ತ್ರಿ ಅಂಗಡಿಯ ರಜಿಯಾಬೀ ಬಂದು ಒಂದು ತುಂಡು ಮೂಸಿದರು.

“ಲಗೂ ಹತ್ತಲಿ ಅಂತ ಇದಕ್ಕ ಎಣ್ಣಿ ಹಚ್ಯಾರ, ಬೇಟಾ. ಈ ವಾಸನಿ ಅಂಗಿಗಿ ಹತ್ತಿದ್ರ ಗಿರಾಕಿ ನನ್ನ ಬೈತಾರ. ನೀ ಮಾಂಸಕ್ಕ ಹತ್ತಸಾಕ ಹೊಂಟೀ?”

“ಭಾಳ ತುಟ್ಟಿ ಮಾಲ್ ಅದರಿ, ಖಾಲಾ.”

“ಹಂಗಾದ್ರ ಅವರಿಗಿ ಬಿಲ್ಲೇ ಬಡಸು.”

ತಮ್ಮ ಇಸ್ತ್ರಿಪೆಟ್ಟಿಗೆಗೆ ಹಾಕುವ ಜಾಲಿಮರದ ಇದ್ದಿಲು ತಂದು, ಒಂದಕ್ಕೊಂದು ಬಡಿದು, ಖಣ್ ಎಂದವನ್ನಷ್ಟೇ ಆರಿಸಿದರು. ಗ್ರಿಲ್ಲಿನ ಅಂಚಿಗೆ ಸಾಲಾಗಿ ಜೋಡಿಸಿ ಒಂದೇ ತುದಿಗೆ ಕೆಂಡ ಇಟ್ಟರು.

“ಮೆತ್ತಂದು ಭರ್ ಅಂತ ಉರದು ಬೂದಿ ಆಗ್ತದ. ಗಟ್ಟಿದು ಒಂದರಿಂದ ಒಂದಕ್ಕ ನಿಧಾನ ಹತ್ತತದ. ಮುಚ್ಚಳ ತಗದು ತಗದು ನೋಡಬ್ಯಾಡ.”

ನೋಡಲಿಲ್ಲ. ಮಧ್ಯಾಹ್ನ ಮಾಂಸ ಎಲುಬಿನಿಂದ ತಾನಾಗಿಯೇ ಜಾರಿತು.

ಹೊಗಳಿಕೆ ಗ್ರಿಲ್ಲಿಗೆ ಸಿಕ್ಕಿತು. ಮುಂದಿನ ಆರ್ಡರು ನನಗೆ. ರಜಿಯಾಬೀಗೆ ಒಂದು ಡಬ್ಬಿ ಮಾಂಸ, ಮತ್ತು ಇನ್ನು ಮೇಲೆ ನನ್ನ ಇದ್ದಿಲು ಆರಿಸುವ ಹಕ್ಕು.