ಸಾಹುಕಾರರಿಗೂ ನೂರಾ ಆರು

ಹೋದ ಸೋಮವಾರ ಬೆಳಿಗ್ಗೆ ಒಂದೇ ಗಂಟೆಯಲ್ಲಿ ಹದಿನಾರು ಜನರಿಗೆ ಜ್ವರ ಬರಿಸಿದೆ. ನಾನು ಮಾಟಗಾರನಲ್ಲ, ದೇವರಾಣೆ. ವಾರಕ್ಕೊಮ್ಮೆ ಈ ಪತ್ರಿಕೆಯಲ್ಲಿ ಬರೆಯುತ್ತೇನೆ, ಉಳಿದ ದಿನ ಹಳಿಯಾಳ ರಸ್ತೆಯಲ್ಲಿ ಮರ ಕೊಯ್ಯುವ ಸಾಮಿಲ್ಲಿನಲ್ಲಿ ಕಾರಕೂನ.

ದೇಶವೆಲ್ಲ ಹಬ್ಬುತ್ತಿರುವ ಈ ಫ್ಲೂ ಜ್ವರ ಮದ್ರಾಸಿಗೆ ಹಡಗಿನಲ್ಲಿ ಬಂತಂತೆ. ನಮ್ಮ ದಾಂಡೇಲಿಗೆ ಬಸ್ಸಿನಲ್ಲಿ ಬಂದಿರಬೇಕು. ಗಾಬರಿಯಾದ ನಮ್ಮ ಸಾಹುಕಾರರು ಒಂದು ಥರ್ಮಾಮೀಟರು ತರಿಸಿ ನನ್ನ ಕೈಗಿಟ್ಟರು.

"ಗೇಟಿನ್ಯಾಗ ಎಲ್ಲಾರ ಜ್ವರಾ ನೋಡ್ರಿ. ಇದ್ದಾವ ಮನಿಗೆ ಹೋಗ್ಲಿ. ಆ ದಿನದ ಪಗಾರ ಇಲ್ಲ." (ಮೊದಲಿನದು ಆರೋಗ್ಯ ಇಲಾಖೆಯ ಮಾತು, ಕೊನೆಯದು ಅವರ ಸ್ವಂತದ್ದು.)

ಮೊದಲು ಬಂದವನು ಬಸಪ್ಪ. ಜ್ವರವಿಲ್ಲ, ಒಳಗೆ ಹೋದ. ಎರಡನೆಯವನು ಅದನ್ನು ಬಾಯಲ್ಲಿಟ್ಟುಕೊಳ್ಳಲು ಒಪ್ಪಲಿಲ್ಲ.

"ಅವನ ಎಂಜಲಾ ನನ್ನ ಬಾಯಾಗ ಇಡ್ತೀರೇನ್ರಿ?"

ತಪ್ಪೇನು ಹೇಳಿದ? ನಾನಾದರೂ ಇಟ್ಟುಕೊಳ್ಳುತ್ತಿದ್ದೆನೇ? ಎದುರಿನ ಚಹಾದಂಗಡಿಯಿಂದ ಬಿಸಿನೀರು ತಂದು ಪ್ರತಿಯೊಬ್ಬರಿಗೂ ತೊಳೆದು ಕೊಟ್ಟೆ. ಆ ಎರಡನೆಯವನಿಗೆ ನೂರಾ ಆರು ಡಿಗ್ರಿ. ಹಿಂದಿನವನಿಗೂ ನೂರಾ ಆರು. ಅವನ ಹಿಂದಿನವನಿಗೂ!

ತೊಳೆದ ಮೇಲೆ ಜಾಡಿಸಿ ಪಾದರಸ ಇಳಿಸಬೇಕೆಂದು ನನಗೆ ಯಾರು ಹೇಳಿದ್ದರು? ಬಿಸಿನೀರಿನ ಜ್ವರವನ್ನೇ ಎಲ್ಲರ ಹೆಸರಿಗೂ ಬರೆದೆ. ಪಗಾರ ಹೋಯಿತೆಂದು ಗೇಟಿನಲ್ಲಿ ಗದ್ದಲವೋ ಗದ್ದಲ. ಸಾಹುಕಾರರೇ ಓಡಿಬಂದರು.

ಸಾಲಿನ ಕೊನೆಗೆ ಯಲ್ಲಪ್ಪ, ಸಾಂಬ್ರಾಣಿ ಹಳ್ಳಿಯಿಂದ ಬಂದು ಗರಗಸದ ಯಂತ್ರದಲ್ಲಿ ದುಡಿಯುವವನು. ಕಣ್ಣು ಕೆಂಪಗಿದ್ದವು. ಕೈ ಮುಟ್ಟಿದೆ, ಸುಡುತ್ತಿತ್ತು. ಇವನದು ಖರೆ ಜ್ವರ.

"ಸುಮ್ನಿರ್ರಿ ಕಾರಕೂನರ," ಎಂದು ಪಿಸುಗುಟ್ಟಿದ. "ಇವತ್ತಿನ ಪಗಾರ ಹೋದ್ರ ನಾಳೆ ಒಲಿ ಹತ್ತಂಗಿಲ್ಲ."

ಆಮೇಲೆ ತಿರುಗಿ ಜೋರಾಗಿ ಕೂಗಿದ. "ಸಾವಕಾರ್ರ, ನಿಮ್ಮದೂ ಒಮ್ಮೆ ನೋಡಿಸ್ರಲಾ!"

ಸಾಹುಕಾರರು ನಕ್ಕರು. ಥರ್ಮಾಮೀಟರನ್ನು ಎರಡು ಸಲ ತೊಳೆಸಿಕೊಂಡು (ಎಷ್ಟಾದರೂ ಸಾಹುಕಾರರು) ಬಾಯಲ್ಲಿಟ್ಟರು.

ನೂರಾ ಆರು.

"ಏ, ಇದು ಕೆಟ್ಟೈತಿ! ನಡೀರಿ ಎಲ್ಲಾರೂ ಒಳಗ!"

ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಮೊದಲು ಒಳಗೆ ಹೋದವನು ಯಲ್ಲಪ್ಪ. ನಾನು ತಡೆಯಬೇಕಿತ್ತು. ತಡೆಯಲಿಲ್ಲ. ತಡೆದಿದ್ದರೆ ಅವನ ಮನೆಯ ಒಲೆಗೆ ಯಾರು ಹೊಣೆ? ಆದರೂ ನಾಚಿಕೆಯಾಗುತ್ತಿದೆ.

ಗುರುವಾರದ ಹೊತ್ತಿಗೆ ಒಂಬತ್ತು ಜನ ಹಾಸಿಗೆ ಹಿಡಿದರು. ಹತ್ತನೆಯವನು ನಾನು, ಇದನ್ನು ರಗ್ಗು ಹೊದ್ದುಕೊಂಡೇ ಬರೆಯುತ್ತಿದ್ದೇನೆ. ಸಾಮಿಲ್ಲಿಗೆ ಬೀಗ. ಧಾರವಾಡದಿಂದ ಇನ್ನೂ ಒಳ್ಳೆಯ ಥರ್ಮಾಮೀಟರು ತರಿಸುತ್ತಾರಂತೆ ಸಾಹುಕಾರರು.

ತರಿಸಲಿ, ಬೇಡ ಎಂದವರಾರು? ಆದರೆ ಪಗಾರ ಹೋಗುತ್ತದೆಂದ ಮೇಲೆ ಯಾವ ಯಲ್ಲಪ್ಪ ತನಗೆ ಜ್ವರವಿದೆ ಎಂದು ಒಪ್ಪಿಕೊಂಡಾನು?