ಒಂದನೇ ಪಿನ್ನಿನ ಚಾಡಿ

ಭದ್ರಾವತೀಲಿ ಒಬ್ಬರು ಹಲ್ಲಿನ ಡಾಕ್ಟ್ರಿಗೆ ಟೋಕನ್ ನಂಬರ್ ತೋರ್ಸೋ ಡಿಸ್‌ಪ್ಲೇ ಮಾಡ್ಕೊಟ್ಟೆ. ಕಾಲೇಜು ಅರ್ಧಕ್ಕೆ ಬಿಟ್ಟೋನಿಗೆ ಸಿಕ್ಕಿದ್ದ ಮೊದಲನೇ ಆರ್ಡರ್ ಅದು. ಮುಂದಿನ ಪೇಶೆಂಟನ್ನ ಕರೆಯೋಕೆ ಡಾಕ್ಟ್ರು ಬೆಲ್ ಒತ್ತಿದ್ದು ನಂಗೆ ಗೊತ್ತಾಗ್ಲಿ ಅಂತ, ನನ್ನ ಲ್ಯಾಪ್‌ಟಾಪಲ್ಲಿ ಮಾತ್ರ 'ಇನ್ನೊಂದು ಕುರಿ ಬಂತು' ಅಂತ ಕಾಣೋ ಹಾಗೆ ಕೋಡ್ ಬರ್ದಿದ್ದೆ. ಆದ್ರೆ ಡಿಸ್‌ಪ್ಲೇ ವೈರ್ ಹಾಕಿದ್ದು ಅದನ್ನ ನಡೆಸೋ ಸರ್ಕ್ಯೂಟ್ ಬೋರ್ಡಿನ ಒಂದನೇ ಪಿನ್ನಿಗೆ. ಲ್ಯಾಪ್‌ಟಾಪಿಗೆ ಸುದ್ದಿ ಹೋಗೋದೂ ಅದೇ ಪಿನ್ನಿಂದ ಅನ್ನೋದು ಮರ್ತೇ ಹೋಗಿತ್ತು.

ಡಾಕ್ಟ್ರು ಬೆಲ್ ಒತ್ತಿದ್ರು. ಗೋಡೆ ಮೇಲೆ ಕೆಂಪು ಇಂಗ್ಲಿಷ್ ಅಕ್ಷರದಲ್ಲಿ ಕುರಿ ಬಂತು. ಕೆನ್ನೆ ಊದಿಸ್ಕೊಂಡು ಕೂತಿದ್ದ ರಿಟೈರ್ಡ್ ಟೀಚರೊಬ್ರು ಅದನ್ನ ಜೋರಾಗಿ ಓದಿ, "ನಾನು ಎಷ್ಟನೇ ಕುರಿ ಮಾರಾಯ?" ಅಂದ್ರು. ಕೂತಿದ್ದೋರೆಲ್ಲ ನಕ್ಕರು.

"ವೈರ್ ತಪ್ಪಾಗಿದೆ ಮೇಡಂ" ಅಂತ ಸ್ಟೂಲ್ ಹತ್ತಿದೆ.

"ಸರಿಯಾಗೇ ಇದೆ ಬಿಡು. ನಿಜ ಹೇಳ್ತಿದೆ."

ಅಷ್ಟರಲ್ಲಿ ಡಾಕ್ಟ್ರು ಹೊರಗೆ ಬಂದು ಓದಿದ್ರು. ಆರ್ಡರ್ ಹೋಯ್ತು ಅನ್ಕೊಂಡೆ.

"ಎಲ್ಲರ ಬಾಯೂ ನೀನೇ ತೆಗೆಸಿಬಿಟ್ಟಿದೀಯ, ನಂಗೆ ಅರ್ಧ ಕೆಲಸ ಕಮ್ಮಿ ಆಯ್ತು" ಅಂದ್ರು. "ಆದ್ರೂ ಅದನ್ನ ತೆಗ್ದು ಹೋಗು."

ವೈರನ್ನ, ಕೋಡಲ್ಲಿ ನಂಬರಿಗೆ ಅಂತ ಇಟ್ಟಿದ್ದ ಹತ್ತನೇ ಪಿನ್ನಿಗೆ ಬದಲಾಯಿಸ್ದೆ, ಗೋಡೆ ಮೇಲೆ ಬರೀ ನಂಬರ್ ಬಂತು. ಆದ್ರೂ ಧೈರ್ಯ ಸಾಲ್ದೆ ಕೋಡನ್ನೂ ತಿದ್ದಿದೀನಿ. ಈಗ ನನ್ನ ಲ್ಯಾಪ್‌ಟಾಪಲ್ಲಿ ಪೇಶೆಂಟ್‌ಗಳು 'ದಯಮಾಡಿಸ್ತಾರೆ'.