ಸಾಕ್ಷಿಯ ಮೇಲಧಿಕಾರಿ

ಲಂಚದ ದುಡ್ಡು ಕೈಯಲ್ಲಿರುವಾಗಲೇ ಸಿಕ್ಕಿಬಿದ್ದರೂ ಸರಿ, ಸರ್ಕಾರಿ ನೌಕರನ ಮೇಲೆ ಕೋರ್ಟಿನಲ್ಲಿ ಮೊಕದ್ದಮೆ ನಡೆಯಬೇಕಾದರೆ ಅವನನ್ನು ಕೆಲಸದಿಂದ ತೆಗೆಯುವ ಅಧಿಕಾರವುಳ್ಳವರು ಮೊದಲು ಒಪ್ಪಿಗೆ ಕೊಡಬೇಕು. ಇದು ಕಾನೂನು. ಗೊತ್ತಿಲ್ಲದಿದ್ದರೆ ಗೊತ್ತು ಮಾಡಿಕೊಳ್ಳಿ.

ನೀರು ಸರಬರಾಜು ಕಚೇರಿಯ ಜವಾನನಿಗೂ ಗೊತ್ತಿರಲಿಲ್ಲ. ಪಕ್ಕದ ಕಟ್ಟಡದಲ್ಲಿದ್ದ ಪರವಾನಗಿ ಅಧಿಕಾರಿಯನ್ನು ಬಲೆಗೆ ಕೆಡವಲು ಹೊರಟಿದ್ದ ಪೊಲೀಸರಿಗೆ ಬೇರೆ ಇಲಾಖೆಯ ಸಾಕ್ಷಿಯೊಬ್ಬ ಬೇಕಿತ್ತು. ಕಚೇರಿಯವರಿಗೆಲ್ಲ ಇದ್ದಕ್ಕಿದ್ದಂತೆ ತಲೆನೋವು, ಹೊಟ್ಟೆನೋವು. ಆರೋಗ್ಯವಾಗಿದ್ದವನು ಇವನೊಬ್ಬನೇ. ಹೋದ. ನೋಟುಗಳಿಗೆ ಪುಡಿ ಸವರಿದ್ದನ್ನು ನೋಡಿದ, ಅಧಿಕಾರಿ ಅವನ್ನು ಜೇಬಿಗಿಳಿಸಿದ್ದನ್ನು ನೋಡಿದ, ಆ ಪುಡಿ ಹತ್ತಿದ ಅವರ ಬೆರಳು ಅದ್ದಿಸಿದಾಗ ಬಟ್ಟಲಿನ ನೀರು ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನೂ ನೋಡಿದ. ಸಹಿ ಹಾಕಿ ಮನೆಗೆ ಬಂದು ಹೆಂಡತಿಗೆ, "ಕೋರ್ಟಿಗೆ ಕರೀತಾರಂತೆ, ಒಳ್ಳೇ ಅಂಗಿ ಒಂದು ತೆಗೆದಿಡು" ಅಂದ.

ಅಂಗಿ ಪೆಟ್ಟಿಗೆಯಲ್ಲೇ ಉಳಿಯಿತು. ಕಡತ ಒಪ್ಪಿಗೆಗೆ ಹೋಯಿತು. ಮೇಲಿನವರು ವಿವರಣೆ ಕೇಳಿದರು. ವಿವರಣೆ ಹೋಯಿತು. ವಿವರಣೆಗೆ ವಿವರಣೆ ಕೇಳಿದರು. ಅಷ್ಟರಲ್ಲಿ ಅಧಿಕಾರಿಯ ಅಮಾನತು ತೆರವಾಯಿತು, ಬಡ್ತಿಯೂ ಸಿಕ್ಕಿತು, ವರ್ಗವೂ ಆಯಿತು. ಎಲ್ಲಿಗೆ? ನೀರು ಸರಬರಾಜು ಕಚೇರಿಗೆ. ಜವಾನ ಅವರ ಕುರ್ಚಿ ಒರೆಸಿ, ಮೇಜಿನ ಮೇಲೆ ನೀರಿನ ಲೋಟ ಇಟ್ಟ.

"ನಿನ್ನ ಎಲ್ಲೋ ನೋಡಿದೀನಲ್ಲಯ್ಯಾ?"

"ಹೌದು ಸಾರ್. ಅವತ್ತು ನಿಮಗೆ ಕೈ ಒರೆಸ್ಕೊಳ್ಳೋಕೆ ಟವೆಲ್ ಕೊಟ್ಟೋನು ನಾನೇ."

"ಓಹೋ. ಒಳ್ಳೇ ಟವೆಲ್ಲು." ಅಧಿಕಾರಿ ಒಂದು ಗುಟುಕು ನೀರು ಕುಡಿದರು. "ನಿವೃತ್ತಿ ಯಾವಾಗ?"

"ಬರೋ ವರ್ಷ ಸಾರ್."

"ಪಿಂಚಣಿ ಕಾಗದಕ್ಕೆ ನಾನೇ ಸಹಿ ಹಾಕ್ಬೇಕು, ಅಲ್ವಾ? ನೀರು ಗುಲಾಬಿ ಆಗಿದ್ದು ಖಾತ್ರಿನಾ? ವಯಸ್ಸಾಯ್ತು, ಕಣ್ಣು ತೋರಿಸ್ಕೊಳಪ್ಪ. ರಜೆ ಕೊಡ್ತೀನಿ."

ಹೆಂಡತಿಗೆ ಇದು ಒಳ್ಳೆಯ ದಾರಿಯಾಗಿಯೇ ಕಂಡಿತು. "ಕಣ್ಣು ಮಂಜು ಅಂದ್ಬಿಡಿ. ಯಾರಪ್ಪನ ಗಂಟು ಹೋಗುತ್ತೆ?"

"ನಾನು ನೋಡಿದೀನಿ ಕಣೇ."

"ನೋಡಿದ್ದಕ್ಕೆ ಪಿಂಚಣಿ ಕೊಡ್ತಾರಾ?"

ರಜೆ ಹಾಕಿ ಕಣ್ಣಿನ ಆಸ್ಪತ್ರೆಗೆ ಹೋದ. ಡಾಕ್ಟರು ಅಕ್ಷರ ಓದಿಸಿದರು, ಬಣ್ಣದ ಚುಕ್ಕೆಗಳನ್ನು ತೋರಿಸಿದರು. ಮಾರನೇ ದಿನ ಸಾಹೇಬರ ಮುಂದೆ ಕೈಕಟ್ಟಿ ನಿಂತ.

"ಕಣ್ಣು ಚೆನ್ನಾಗಿದೆಯಂತೆ ಸಾರ್. ಬಣ್ಣ ಎಲ್ಲಾ ಸರಿಯಾಗಿ ಕಾಣುತ್ತಂತೆ. ಡಾಕ್ಟರು ಬರೆದುಕೊಟ್ಟಿದ್ದಾರೆ, ಸೇವಾ ಪುಸ್ತಕಕ್ಕೆ ಸೇರಿಸ್ಲಾ?"

ಸಾಹೇಬರು ಲೋಟ ಮುಚ್ಚಿಟ್ಟರು.

ಜವಾನ ಈಗ ನಿವೃತ್ತ. ಅವನ ಪಿಂಚಣಿಗೆ ವಿವರಣೆ ಕೇಳಿದ್ದಾರೆ. ಹೆಂಡತಿ ನೆರೆಮನೆಯವರ ಬಟ್ಟೆ ಹೊಲಿಯುತ್ತಾಳೆ, ಇವನು ಸೂಜಿಗೆ ದಾರ ಪೋಣಿಸಿಕೊಡುತ್ತಾನೆ. ಒಪ್ಪಿಗೆಯ ಕಡತ ಇನ್ನೂ ಮೇಲೆಯೇ ಇದೆ. ಒಪ್ಪುವುದಿಲ್ಲ ಎಂದು ಬರೆಯುವ ಧೈರ್ಯವೂ ಅಲ್ಲಿ ಯಾರಿಗೂ ಬಂದಿಲ್ಲ.

ನಿಮ್ಮ ಊರಿನ ಕಚೇರಿಗಳಲ್ಲೂ ಇಂಥ ಕಡತಗಳಿವೆ. ನಾಳೆ ಹೋಗಿ, ಯಾರ ಮೇಜಿನ ಮೇಲೆ ಕೂತಿವೆ ಎಂದು ಕೇಳಿ. ಹೆಸರು ಹೇಳುವವರೆಗೆ ಅಲ್ಲಿಂದ ಕದಲಬೇಡಿ.